ಇಪ್ಪತ್ತನೇ ನಿಮಿಷದ ಬೀಳ್ಕೊಡುಗೆ

ಚಿಲಕ ನಿವೃತ್ತನಾದ ಸುದ್ದಿ ಚಿಲಕನಿಗೆ ತಿಳಿದದ್ದು ಕ್ಷೌರದಂಗಡಿಯಲ್ಲಿ, ಅದೂ ಅರ್ಧ ಗಡ್ಡ ಕೆರೆದಾದ ಮೇಲೆ.

"ಅಂತೂ ಗವಸು ತೆಗೆದಿಟ್ರಿ ಅನ್ನಿ," ಅಂದ ಕ್ಷೌರಿಕ, ಕತ್ತಿಯನ್ನು ಬಟ್ಟೆಗೆ ಒರೆಸುತ್ತ. "ಒಳ್ಳೇದಾಯ್ತು ಬಿಡಿ. ಎಷ್ಟು ದಿನ ಅಂತ ನೆಲಕ್ಕೆ ಬಿದ್ದು ಎದ್ದು ಮಾಡ್ತೀರಾ? ಮೂಳೆಗೂ ಒಂದು ಮಿತಿ ಇರುತ್ತೆ."

"ಯಾರು ತೆಗೆದಿಟ್ಟಿದ್ದು?"

"ಅಲ್ಲಾಡ್ಬೇಡಿ, ಕುತ್ತಿಗೆ ಹತ್ರ ಇದೀನಿ."

"ಯಾರು ತೆಗೆದಿಟ್ಟಿದ್ದು ಅಂತ ಕೇಳ್ದೆ."

ಕ್ಷೌರಿಕ ಪೇಪರಿನ ಆಟದ ಪುಟ ತೆಗೆದು ಅವನ ತೊಡೆಯ ಮೇಲಿಟ್ಟ. ಅಲ್ಲಿ ಚಿಲಕನ ಫೋಟೋ ಇತ್ತು, ಏಳು ವರ್ಷದ ಹಿಂದಿನದು, ತಲೆತುಂಬ ಕೂದಲಿದ್ದಾಗಿನದು. ಅದರ ಕೆಳಗೆ ಅವನದೇ ಮಾತು ಅಂತ ಅಚ್ಚು ಹಾಕಿದ್ದರು: ಮನಸ್ಸು ತುಂಬಿ ಬಂದಿದೆ, ಇನ್ನು ಕುಟುಂಬಕ್ಕೆ ಸಮಯ ಕೊಡಬೇಕೆಂದಿದ್ದೇನೆ, ಕಿರಿಯರಿಗೆ ದಾರಿ ಬಿಡುವುದು ಹಿರಿಯರ ಧರ್ಮ, ಭಾನುವಾರದ ಪಂದ್ಯವೇ ನನ್ನ ಕೊನೆಯ ಪಂದ್ಯ. ಅಷ್ಟು ಚೆಂದದ ಮಾತನ್ನು ಚಿಲಕ ಹುಟ್ಟಿದಾಗಿನಿಂದ ಆಡಿರಲಿಲ್ಲ. ಮೈದಾನದಲ್ಲಿ ಅವನು ಆಡುತ್ತಿದ್ದ ಮಾತುಗಳನ್ನು ಯಾವ ಪೇಪರಿನವರೂ ಅಚ್ಚು ಹಾಕುವಂತಿರಲಿಲ್ಲ.

ಅಲ್ಲ, ಕೇಳುತ್ತೇನೆ. ಒಬ್ಬನಿಗೆ ಕೆಲಸ ಬಿಡಿಸಬೇಕು ಅಂತಿದ್ದರೆ ಬಿಡಿಸಿ, ಮುಖಕ್ಕೆ ಮುಖ ಕೊಟ್ಟು ಹೇಳಿ. ಬಿಡಿಸುವುದೂ ನೀವೇ, ಅವನ ಬಾಯಲ್ಲಿ ಮಾತು ತುರುಕುವುದೂ ನೀವೇ, ಅದಕ್ಕೆ ಮನಸ್ಸು ತುಂಬಿ ಬಂದಿದೆ ಅಂತ ಕಣ್ಣೀರು ಬೇರೆ ಬೆರೆಸುವುದೂ ನೀವೇ ಅಂದರೆ, ಇದಕ್ಕೆ ಏನನ್ನಬೇಕು? ಕಳ್ಳನಿಗಾದರೂ ಕದ್ದೆ ಅನ್ನುವ ಅಳುಕಿರುತ್ತದೆ.

ಚಿಲಕ ಎದ್ದ. ಎದೆಯ ಮೇಲಿನ ಬಿಳಿ ಬಟ್ಟೆ ಕಿತ್ತು ಕುರ್ಚಿಗೆ ಎಸೆದು, ಒಂದು ಕೆನ್ನೆಗೆ ನೊರೆ, ಒಂದು ಕೆನ್ನೆ ನುಣುಪು, ಹಾಗೇ ಬೀದಿಗಿಳಿದ.

ಅವನು ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಹತ್ತೊಂಬತ್ತಕ್ಕೆ ಸೇರಿದವನಿಗೆ ಈಗ ಮೂವತ್ತೇಳು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಒಂದು ಪಂದ್ಯದಲ್ಲಿ ಅವನು ಸಾಲಾಗಿ ನಾಲ್ಕು ಚೆಂಡು ತಡೆದಾಗ ಗ್ಯಾಲರಿಯಿಂದ ಯಾರೋ "ಚಿಲಕ ಹಾಕ್ಬಿಟ್ಟ ಕಣ್ರೋ!" ಅಂತ ಕೂಗಿದ್ದೇ ಸರಿ, ಅವತ್ತಿನಿಂದ ಹೆಂಡತಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಅವನು ಚಿಲಕನೇ.

ಆ ಹೆಂಡತಿ ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಅವನು ಶಾಲೆಯ ಗೇಟಿನ ಹತ್ತಿರ ಬಂದಾಗ ಅವಳು ಮಕ್ಕಳನ್ನೆಲ್ಲ ಇಳಿಸಿ, ಸ್ಟಿಯರಿಂಗ್ ಮೇಲೆ ಅದೇ ಪೇಪರ್ ಹರಡಿಕೊಂಡು ಕೂತಿದ್ದಳು. ಅವನನ್ನು ನೋಡಿದ್ದೇ ತಡ, ಶುರುವಾಯಿತು.

"ಬನ್ನಿ ಸ್ವಾಮಿ, ಬನ್ನಿ! ಕುಟುಂಬಕ್ಕೆ ಸಮಯ ಕೊಡೋಕೆ ಬಂದ್ರಾ? ಕೊಡಿ, ಕೊಡಿ. ಹದಿನಾಲ್ಕು ವರ್ಷ ನಿಮ್ಮ ಮಂಡಿಗೆ ಐಸ್ ಕಟ್ಟಿದವಳು ನಾನು. ನನಗೊಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ? ಊರವರೆಲ್ಲ ಓದಿ ಆದ್ಮೇಲೆ ನಾನು ಓದ್ಬೇಕಾ?"

"ನನಗೇ ಗೊತ್ತಿಲ್ಲ ಕಣೇ."

"ನಿಮಗೆ ಗೊತ್ತಿಲ್ದೆ ನೀವು ಹೇಳಿದ್ರಾ? ನಿದ್ದೆಗಣ್ಣಲ್ಲಿ ಹೇಳಿದ್ರಾ?"

"ನಾನು ಹೇಳೇ ಇಲ್ಲ. ನನ್ನ ತಾಯಾಣೆ."

ಅವಳು ಅವನ ಮುಖ ನೋಡಿದಳು. ಅರ್ಧ ಗಡ್ಡ, ಕಿವಿಯ ಹತ್ತಿರ ಒಣಗಿದ ಸೋಪು. ಇದು ಸುಳ್ಳು ಹೇಳುವವನ ಮುಖವಲ್ಲ ಅಂತ ಗೊತ್ತಾಗಲು ಅವಳಿಗೆ ಎರಡನೇ ಸಲ ನೋಡಬೇಕಾಗಿರಲಿಲ್ಲ. ಪೇಪರ್ ಮಡಚಿ ಸೀಟಿನಡಿ ತಳ್ಳಿದಳು.

"ಹತ್ತಿ," ಅಂದಳು. "ಆಫೀಸಿಗೆ ಬಿಡ್ತೀನಿ. ಮೊದಲು ಮುಖ ಒರೆಸ್ಕೊಳ್ಳಿ, ಆ ಮುಖದಲ್ಲಿ ಜಗಳ ಆಡಿದ್ರೆ ನಗ್ತಾರೆ."

ಕ್ಲಬ್ಬಿನ ಕಾರ್ಯದರ್ಶಿ ನಯವಾದ ಮನುಷ್ಯ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಜಾತಿ. ಅವನ ಕೋಣೆಯ ಗೋಡೆಯ ಮೇಲೆ ಗೆದ್ದ ಕಪ್ಪುಗಳ ಕಪಾಟು, ಕಪಾಟಿನ ಮೇಲೆ ಅಧ್ಯಕ್ಷರ ಆಳೆತ್ತರದ ಚಿತ್ರ, ಮೇಜಿನ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ಟೋಪಿ ತೆಗೆದ ಪೆನ್ನು. ಹಾಳೆಯಲ್ಲಿ ಚಿಲಕನ ನಿವೃತ್ತಿ ಪತ್ರ ಟೈಪಾಗಿ ಸಹಿಗೆ ಕಾದಿತ್ತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಟೀ ತರಿಸ್ಲಾ?"

"ಟೀ ಬೇಡ. ನಾನು ಯಾವಾಗ ಆಟ ಬಿಡ್ತೀನಿ ಅಂದೆ?"

"ಅಂದಿಲ್ಲ, ಆದ್ರೆ ಅಂತಿದ್ರಿ ಅಲ್ವಾ? ಇವತ್ತಲ್ಲ ನಾಳೆ. ನಾವು ಸ್ವಲ್ಪ ಮುಂಚೆ ಹೇಳಿದ್ವಿ ಅಷ್ಟೆ. ನೋಡಿ, ಅಧ್ಯಕ್ಷರು ಹೊಸ ಗೋಲ್‌ಕೀಪರನ್ನ ಎಷ್ಟು ಆಸೆಪಟ್ಟು ಕರೆಸಿದಾರೆ ಅಂತ ನಿಮಗೂ ಗೊತ್ತು. ಆ ಹುಡುಗನ್ನ ಬೆಂಚಿನ ಮೇಲೆ ಕೂರಿಸಿದ್ರೆ ಅವರ ಮುಖಕ್ಕೆ ಹೊಡೆದ ಹಾಗಾಗುತ್ತೆ."

"ಕೋಚ್ ನನ್ನನ್ನ ಆಡಿಸ್ತಿದಾರಲ್ಲ? ಈ ವರ್ಷ ಎಲ್ಲಾ ಪಂದ್ಯ ನಾನೇ ನಿಂತಿದೀನಿ."

"ಅದೇ ಆಗ್ಬಾರ್ದಿತ್ತು," ಅಂದ ಕಾರ್ಯದರ್ಶಿ, ತುಂಬ ಬೇಸರದಿಂದ.

"ಮುಂದಿನ ಸೀಸನ್ ಪೂರ್ತಿ ನನ್ನ ಕರಾರಿದೆ. ಬಾಯಿಬಿಟ್ಟು ಹೇಳಿ, ಕರಾರು ಮುರೀತೀವಿ ಅಂತ."

"ಛೆ ಛೆ! ನಾವು ಮುರಿಯೋದೇ? ಹದಿನೆಂಟು ವರ್ಷ ಆಡಿದವರನ್ನ ಹೊರಗೆ ಹಾಕಿದ್ರು ಅಂತ ಜನ ನಮಗೆ ಉಗೀತಾರೆ. ನೀವಾಗೇ ಹೋದ್ರೆ ಗೌರವ. ಭಾನುವಾರ ದೊಡ್ಡ ಸನ್ಮಾನ ಇಟ್ಟಿದೀವಿ. ಸಹಿ ಇವತ್ತೇ ಹಾಕ್ಬೇಕು ಅಂತೇನಿಲ್ಲ, ಸನ್ಮಾನ ಆದ್ಮೇಲೇ ಹಾಕಿ."

ಸಹಿಗೆ ಅವಸರವಿಲ್ಲ ಅಂದನಲ್ಲ, ಅಲ್ಲೇ ಇತ್ತು ಇವರ ಬುದ್ಧಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು: ಬಿಟ್ಟುಹೋಗುವ ಆಟಗಾರನನ್ನು ಕೊನೆಯ ಪಂದ್ಯದ ಇಪ್ಪತ್ತನೇ ನಿಮಿಷಕ್ಕೆ ಹೊರಗೆ ಕರೆಯುವುದು. ಚೆಂಡು ನಿಂತಾಗ ಅವನ ನಂಬರಿನ ಹಲಗೆ ಎತ್ತುತ್ತಾರೆ, ಆಟಗಾರರು ಎರಡು ಸಾಲಾಗಿ ನಿಲ್ಲುತ್ತಾರೆ, ಇವನು ನಡುವೆ ನಡೆದು ಬಿಳಿಗೆರೆ ದಾಟುತ್ತಾನೆ, ಗೆರೆಯಾಚೆ ಹೂಗುಚ್ಛ, ಚೌಕಟ್ಟು ಹಾಕಿದ ಫೋಟೋ, ಅಧ್ಯಕ್ಷರ ಅಪ್ಪುಗೆ. ಇಪ್ಪತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸಿದ ಮೇಲೆ ಯಾವ ಮಾನವಂತ ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಪ್ರಾಕ್ಟೀಸಿಗೆ ಬರುತ್ತಾನೆ? ಪೆನ್ನು ಮಾಡದ ಕೆಲಸವನ್ನು ನಾಚಿಕೆ ಮಾಡುತ್ತದೆ. ಆಮೇಲೆ ಸಹಿ ತಾನಾಗಿ ಬೀಳುತ್ತದೆ. ಹೊಡೆಯುವುದಕ್ಕೂ ಹೂವನ್ನೇ ಬಳಸುವ ಜನ!

ಚಿಲಕ ಸಹಿ ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ಕೋಚ್ ಎದುರಾದ. ಒಳ್ಳೆಯವನೇ, ಆದರೆ ಬೆನ್ನು ಗಟ್ಟಿಯಿಲ್ಲದ ಒಳ್ಳೆಯವನು. "ನನ್ನ ಕೈಲೇನಿದೆ ಚಿಲಕಾ? ಇಪ್ಪತ್ತನೇ ನಿಮಿಷಕ್ಕೆ ಹಲಗೆ ಎತ್ತಬೇಕು ಅಂದಿದಾರೆ, ಎತ್ತಿಸ್ತೀನಿ," ಅಂದು ಗೋಡೆ ಸವರಿಕೊಂಡು ಹೋದ.

ಗೋಲ್‌ಕೀಪರನ ಬದುಕು ಬೇರೆ ಆಟಗಾರರ ಬದುಕಿನ ಹಾಗಲ್ಲ. ಓಡುವವರಿಗೆ ಹತ್ತು ಜಾಗವಿದೆ, ಕಾಯುವವನಿಗೆ ಒಂದೇ. ಮುಂದಿನವನು ಬೀಳುವವರೆಗೆ ಹಿಂದಿನವನು ಕೂತಿರಬೇಕು. ಚಿಲಕ ಹಾಗೆ ಕೂತದ್ದು ಹನ್ನೊಂದು ವರ್ಷ. ಹನ್ನೊಂದು ವರ್ಷ ಪಂದ್ಯಕ್ಕೆ ಮುಂಚೆ ದೊಡ್ಡ ಗೋಲ್‌ಕೀಪರನಿಗೆ ಚೆಂಡು ಒದ್ದು ಮೈ ಬಿಸಿ ಮಾಡಿಸುವುದು, ಪಂದ್ಯ ಶುರುವಾದ ಮೇಲೆ ಬೆಂಚಿನಲ್ಲಿ ಕೂರುವುದು. ಬೆರಳಿಗೆ ಟೇಪು ಸುತ್ತಿ, ಗವಸು ಒದ್ದೆ ಮಾಡಿ, ತೊಂಬತ್ತು ನಿಮಿಷ ಸಿದ್ಧನಾಗಿ ಕೂತು, ಹಾಗೇ ಬಿಚ್ಚಿ ಮನೆಗೆ ಬರುವುದು. ನೆಂಟರು "ಏನ್ ಕೆಲಸ ಮಾಡ್ತೀಯಪ್ಪಾ?" ಅಂತ ಕೇಳಿದರೆ, "ಕೂರೋ ಕೆಲಸ, ಸಂಬಳ ಕೊಡ್ತಾರೆ" ಅನ್ನುತ್ತಿದ್ದ. ಹೊತ್ತು ಹೋಗದೆ ಆಟದ ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದ. ಆಡುವವರು ಯಾರೂ ಅದನ್ನು ಓದುವುದಿಲ್ಲ.

ಆಮೇಲೆ ಒಂದು ದಿನ ಆ ದೊಡ್ಡ ಗೋಲ್‌ಕೀಪರನಿಗೂ ಇಪ್ಪತ್ತನೇ ನಿಮಿಷ ಬಂತು. ಆ ಹಿರಿಯರಿಗೂ ಗೊತ್ತಿಲ್ಲದ ಹಾಗೇ ಬಂತು ಅಂತ ಆಮೇಲೆ ತಿಳಿಯಿತು. ಅವತ್ತು ಗೆರೆಯಾಚೆ ಹೊಸ ಗವಸು ಹಾಕಿಕೊಂಡು ನಿಂತಿದ್ದವನು ಇದೇ ಚಿಲಕ. ಅವರು ಅಳುತ್ತ ಬಂದರು, ಇವನು ಬೆನ್ನು ತಟ್ಟಿ, ಒಳಗೆ ಓಡಿದ. ಖುಷಿಯಲ್ಲಿ ನೆಲವೇ ಕಾಣುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಆ ಮನುಷ್ಯ ಚೀಲ ಹಿಡಿದು ಗೇಟಿಗೆ ಬಂದರು. ಇಪ್ಪತ್ತು ವರ್ಷದ ಅಭ್ಯಾಸ, ಕಾಲು ತಾನಾಗಿ ಕರೆದುಕೊಂಡು ಬಂದಿತ್ತು. "ನಿಮ್ಮನ್ನ ಕಳಿಸಿಯಾಯ್ತಲ್ಲ ಸಾರ್, ಟೀವೀಲಿ ನೋಡಿದ್ನಲ್ಲ," ಅಂದ ವಾಚ್‌ಮನ್. ಚಿಲಕ ಹತ್ತು ಹೆಜ್ಜೆ ಆಚೆ ಬೂಟಿನ ದಾರ ಕಟ್ಟುತ್ತ ಕೂತಿದ್ದ. ಕೇಳಿಸಿತು. ತಲೆ ಎತ್ತಲಿಲ್ಲ. ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ, ಅವರು ಹೋಗುವವರೆಗೆ.

ಈಗ ತನ್ನ ಬುಡಕ್ಕೆ ಬಂದಾಗ ಅದೆಲ್ಲ ನೆನಪಾಯಿತು. ಮಾಡಿದ್ದುಣ್ಣೋ ಮಹಾರಾಯ ಅಂತ ತನಗೆ ತಾನೇ ಅಂದುಕೊಂಡ. ಅವನಿಗೆ ಕಾರ್ಯದರ್ಶಿಯ ಮೇಲೆ ಎಷ್ಟು ಸಿಟ್ಟಿತ್ತೋ ಆ ಬೂಟಿನ ದಾರದ ಮೇಲೂ ಅಷ್ಟೇ ಸಿಟ್ಟು ಬಂತು.

"ಹೋಗಲ್ಲ ಅಂದ್ರೆ ಏನ್ ಮಾಡ್ತಾರೆ?" ಅಂತ ಕೇಳಿದಳು ಹೆಂಡತಿ, ಶನಿವಾರ ಮಧ್ಯಾಹ್ನ, ಅವನ ಮಂಡಿಗೆ ಐಸ್ ಕಟ್ಟುತ್ತ.

"ಎಲ್ಲಿಗೆ?"

"ಹಲಗೆ ಎತ್ತಿದಾಗ. ನೀವು ಹೊರಗೆ ಹೋಗ್ದೆ ಅಲ್ಲೇ ನಿಂತ್ರೆ? ಎತ್ಕೊಂಡು ಹೋಗ್ತಾರಾ?"

ಅವನು ನಕ್ಕ. ನಕ್ಕವನು ಹಾಗೇ ನಗು ನಿಲ್ಲಿಸಿದ. ಬೆಂಚಿನ ಮೇಲೆ ಎರಡು ಸಲ ಓದಿದ ಪುಸ್ತಕದ ಒಂದು ಸಾಲು ತಲೆಯಲ್ಲಿ ಎದ್ದು ಕೂತಿತ್ತು. ಹೊರಗೆ ಕರೆದ ಆಟಗಾರ ಹೋಗಲು ಒಪ್ಪದಿದ್ದರೆ ಆಟ ಮುಂದುವರಿಯುತ್ತದೆ. ಅಷ್ಟೇ. ಕಾರ್ಡಿಲ್ಲ, ಕೇಸಿಲ್ಲ. ಹೊರಗಿನವನು ಒಳಗೆ ಬರಬೇಕಾದರೆ ಒಳಗಿನವನು ಗೆರೆ ದಾಟಲೇಬೇಕು. ದಾಟದಿದ್ದರೆ ಅಧ್ಯಕ್ಷನಲ್ಲ, ಅವನಪ್ಪ ಬಂದರೂ ಏನೂ ಮಾಡುವ ಹಾಗಿಲ್ಲ.

"ಲೇ," ಅಂದ, "ನೀನು ರೆಫರಿ ಆಗ್ಬೇಕಿತ್ತು."

"ವ್ಯಾನಲ್ಲಿ ಇಪ್ಪತ್ತೆರಡು ಮಕ್ಕಳನ್ನ ಕೂರಿಸ್ತೀನಲ್ಲ, ಅದಕ್ಕಿಂತ ಇನ್ನೇನು? ಕಾಲು ಮಾತ್ರ ಕೀಳ್ಬೇಡಿ. ಆ ಚಪ್ಪಾಳೆ ಕೇಳಿ ನಿಮ್ಮ ಮನಸ್ಸು ಕರಗುತ್ತೆ, ನನಗೊತ್ತು. ನಿಮ್ಮದು ಹೆಂಗರುಳು."

ಜೊತೆಗೇ ಇದ್ದ ಚಿಲಕನ ಅಮ್ಮನಿಗೆ ಇಬ್ಬರೂ ಏನೂ ಹೇಳಿರಲಿಲ್ಲ. ಎಪ್ಪತ್ತು ದಾಟಿದ ಜೀವ, ಪೇಪರ್ ಓದುವವಳಲ್ಲ, ಆಟ ನೋಡಿದವಳೂ ಅಲ್ಲ. ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಬೆಳಿಗ್ಗೆ ಸೈರನ್ ಆದರೆ ಒಳಗೆ, ಸಂಜೆ ಸೈರನ್ ಆದರೆ ಹೊರಗೆ. ಅವಳ ಗಂಡ ತೀರಿಕೊಂಡ ಸುದ್ದಿ ಬಂದ ದಿನ ಮೇಲ್ವಿಚಾರಕ ಮನೆಗೆ ಹೋಗಮ್ಮ ಅಂದನಂತೆ, ಇವಳು ಕುದಿನೀರಿನಲ್ಲಿದ್ದ ಹಾಸಿಗೆ ಬಟ್ಟೆಯನ್ನೆಲ್ಲ ಎತ್ತಿ ಹಿಂಡಿ ಹರವಿಯೇ ಬಂದಳಂತೆ. ಅರ್ಧಕ್ಕೆ ಬಿಟ್ಟರೆ ಬಟ್ಟೆ ಹಾಳಾಗುತ್ತದೆ, ಸತ್ತವರೇನು ವಾಪಸ್ ಬರುತ್ತಾರಾ ಅಂದಳಂತೆ. ಮಗನ ಕೆಲಸದ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಎರಡೇ: ಅವನು ನಿಲ್ಲುತ್ತಾನೆ, ಅವನ ಗವಸು ಕೊಳೆಯಾಗುತ್ತದೆ. ಹದಿನೆಂಟು ವರ್ಷದಿಂದ ಆ ಗವಸನ್ನು ಉಗುರುಬೆಚ್ಚಗಿನ ನೀರಲ್ಲಿ ಒಗೆದು, ಹಿಂಡದೆ ಒತ್ತಿ, ನೆರಳಲ್ಲಿ ಒಣಗಿಸುವವಳು ಅವಳೇ. ಹಿಂಡಿದರೆ ಅಂಗೈಯ ಅಂಟು ಹೋಗುತ್ತದೆ ಅಂತ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು. ಅವಳು ಬೇಸಿನ್ನಿನ ಮುಂದೆ ಕೂತಿರುವುದನ್ನು ನೋಡಿ, ಇದೇ ಕೊನೆಯ ಸಲವಾಗಿಬಿಟ್ಟರೆ ಅನ್ನಿಸಿ ಚಿಲಕ ಆ ಕಡೆ ಹೋಗಲಿಲ್ಲ.

ಅವತ್ತು ಅಮ್ಮ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿಸಿಕೊಂಡಳು. ಯಾಕಮ್ಮಾ ಅಂದರೆ, "ಇರ್ಲಿ, ಹುಳ ಹಿಡೀಬಾರ್ದು" ಅಂದಳು. ಯಾರಿಗೂ ಅನುಮಾನ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಮೈದಾನ ತುಂಬಿತ್ತು. ಚಿಲಕ ಎಂದಿನಂತೆ ಗೋಲಿನ ನಡುವಿಗೆ ಸರಿಯಾಗಿ ಹಿಮ್ಮಡಿಯಿಂದ ಒಂದು ಗೀರು ಎಳೆದ, ಎಂದಿನಂತೆ ಎರಡೂ ಕಂಬ ಮುಟ್ಟಿದ, ಎಂದಿನಂತೆ ತನ್ನ ಕಡೆಯವರನ್ನೇ ಬಯ್ಯಲು ಶುರುಮಾಡಿದ. "ಎಡಕ್ಕೆ! ಎಡ ಅಂದ್ರೆ ಎಡ! ನಿನ್ನ ಹಿಂದೆ ಆಳು! ಮದುವೆಗೆ ಬಂದಿದೀಯಾ, ಓಡೋ!" ಏಳನೇ ನಿಮಿಷಕ್ಕೆ ಒಂದು ಚೆಂಡು ಎದೆಗವಚಿದ. ಹದಿನಾಲ್ಕಕ್ಕೆ ಇನ್ನೊಂದನ್ನು ಬೆರಳ ತುದಿಯಲ್ಲಿ ಕಂಬದಾಚೆ ತಳ್ಳಿದ. ಎಡಗೈಯ ಕಿರುಬೆರಳು ಒಂಬತ್ತು ವರ್ಷದ ಹಿಂದೆ ಪ್ರಾಕ್ಟೀಸಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆ ಸೊಟ್ಟಬೆರಳೇ ಆ ಚೆಂಡನ್ನು ಮುಟ್ಟಿದ್ದು. ಇವನಿಗೆ ವಯಸ್ಸಾಯಿತು ಅಂದವರು ಬಂದು ನೋಡಬೇಕಿತ್ತು.

ಇಪ್ಪತ್ತನೇ ನಿಮಿಷಕ್ಕೆ ಚೆಂಡು ಗೆರೆಯಾಚೆ ಹೋಯಿತು. ರೆಫರಿ ಸೀಟಿ ಊದಿದ. ಹಲಗೆ ಮೇಲೆದ್ದಿತು: ಹೊರಗೆ ಹೋಗುವವನ ನಂಬರು ಕೆಂಪಲ್ಲಿ ಒಂದು, ಒಳಗೆ ಬರುವವನದು ಹಸಿರಲ್ಲಿ ಇಪ್ಪತ್ತೆರಡು. ಗ್ಯಾಲರಿ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೈಕಿನಲ್ಲಿ ಯಾರೋ ಗದ್ಗದ ದನಿಯಲ್ಲಿ ಹದಿನೆಂಟು ವರ್ಷ, ಹದಿನೆಂಟು ವರ್ಷ ಅಂತ ಅರಚಿದರು. ಆ ಹದಿನೆಂಟರಲ್ಲಿ ಹನ್ನೊಂದು ಬೆಂಚಿನ ಮೇಲೆ ಕಳೆದದ್ದನ್ನು ಮಾತ್ರ ಹೇಳಲಿಲ್ಲ. ಆಟಗಾರರು ಎರಡು ಸಾಲಾಗಿ ನಿಂತರು.

ಚಿಲಕ ತನ್ನ ಗೀರಿನ ಮೇಲೆ ನಿಂತೇ ಇದ್ದ.

"ಅಣ್ಣಾ, ನಡೀರಿ," ಅಂದ ತಂಡದ ನಾಯಕ ಓಡಿ ಬಂದು. "ಎಲ್ಲಾ ಕಾಯ್ತಿದಾರೆ."

"ಕಾಯ್ಲಿ."

"ಟೀವಿಯವರು..."

"ಅವರೂ ಕಾಯ್ಲಿ."

ಎಲ್ಲ ಸರಿಯಾಗಿಯೇ ಇತ್ತು. ಅವನು ಅಲ್ಲಿಂದ ಒಂದು ಹೆಜ್ಜೆಯೂ ಕದಲುತ್ತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನಡುಗೆರೆಯ ನೇರಕ್ಕೆ, ಮೈದಾನದ ಅಂಚಿನ ಬಿಳಿಗೆರೆಯಾಚೆ, ಅಧ್ಯಕ್ಷರ ಪಕ್ಕ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟ ಒಂದು ಸಣ್ಣ ಆಕೃತಿ ಕಾಣಿಸಿತು. ಕೈಯಲ್ಲಿ ಅವಳಿಗಿಂತ ದೊಡ್ಡ ಹೂಗುಚ್ಛ.

ಅಮ್ಮ.

ಹದಿನೆಂಟು ವರ್ಷದಲ್ಲಿ ಒಂದು ದಿನವೂ ಪಂದ್ಯ ನೋಡಲು ಅವಳಿಗೊಂದು ಪಾಸು ಕಳಿಸದ ಕ್ಲಬ್ಬು, ಮಗ ಸೊಸೆ ಮನೆಯಲ್ಲಿಲ್ಲದಾಗ ಫೋನು ಮಾಡಿ, ನಿಮ್ಮ ಮಗನಿಗೆ ಸನ್ಮಾನ ಇದೆ, ನೀವೇ ಹೂವು ಕೊಡಬೇಕು, ಅವನಿಗೆ ಹೇಳಬೇಡಿ, ಕಾರು ಕಳಿಸುತ್ತೇವೆ ಅಂದಿತ್ತು. ಥೂ! ಮಗನನ್ನು ಹಿಡಿಯಲು ತಾಯಿಯನ್ನೇ ಗಾಳಕ್ಕೆ ಕಟ್ಟುವುದು ಅಂದರೆ! ಗ್ಯಾಲರಿಯಲ್ಲಿ ಹೆಂಡತಿ ಎದ್ದು ನಿಂತು ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಅವಳಿಗೂ ಗೊತ್ತಿರಲಿಲ್ಲ. ಇಪ್ಪತ್ತು ಸಾವಿರ ಜನರನ್ನು ಕಾಯಿಸಬಹುದು, ಅಧ್ಯಕ್ಷನನ್ನು ಕಾಯಿಸಬಹುದು. ಹೂವು ಚಾಚಿ ನಿಂತ ತಾಯಿಯನ್ನು ಬಿಸಿಲಲ್ಲಿ ಕಾಯಿಸಿ, ಊರೆದುರು ಅವಳ ಮುಖ ಸಣ್ಣದು ಮಾಡುವುದು ಹೇಗೆ?

ಅವನು ನಡೆದ. ಎರಡು ಸಾಲಿನ ನಡುವೆ ತಲೆ ತಗ್ಗಿಸಿ ನಡೆದ. ಯಾರೋ ಬೆನ್ನು ತಟ್ಟಿದರು, ಯಾರೋ ಅಳುತ್ತಿದ್ದರು. ಸಿಟ್ಟಿಗೆ ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಗೆರೆಗೆ ಒಂದು ಗೇಣು ಉಳಿದಾಗ ನಿಂತ. ಗೆರೆಯಾಚೆ ಹೊಸ ಗೋಲ್‌ಕೀಪರ್ ಗವಸು ಹಾಕಿ ಮೈ ಬಿಸಿಗೆ ಕುಣಿಯುತ್ತಿದ್ದ. ಇಪ್ಪತ್ತಾರರ ಉದ್ದ ಕತ್ತಿನವನು, ತಂಡದವರು ಕೊಕ್ಕರೆ ಅನ್ನುತ್ತಿದ್ದರು. ಅವನ ಪಕ್ಕ ಫೋಟೋ ಹಿಡಿದ ಅಧ್ಯಕ್ಷರು, ಅವರ ಹಿಂದೆ ಕಾರ್ಯದರ್ಶಿ, ಮುಖದಲ್ಲಿ ಗೆದ್ದ ನಗು.

ಅಮ್ಮ ಹೂಗುಚ್ಛದ ಮೇಲಿಂದ ಮಗನನ್ನು ನೋಡಿದಳು.

"ಮುಗೀತೇನೋ?"

"ಇಲ್ಲಮ್ಮ."

"ಅರ್ಧ ಆಯ್ತಾ?"

"ಅರ್ಧಾನೂ ಆಗಿಲ್ಲ. ತೊಂಬತ್ತು ನಿಮಿಷದ ಆಟ, ಇಪ್ಪತ್ತಾಗಿದೆ."

ಅಮ್ಮನ ಹುಬ್ಬು ಗಂಟಿಕ್ಕಿತು. ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳು. "ಏಟಾಯ್ತಾ?"

"ಇಲ್ಲ."

"ಮೈ ಸರಿ ಇಲ್ವಾ?"

"ಚೆನ್ನಾಗಿದೀನಿ."

"ಮತ್ತೆ ಕೆಲಸ ಬಿಟ್ಟು ಯಾಕೋ ಬಂದೆ? ಸೈರನ್ ಆಗೋಕೆ ಮುಂಚೆ ಎದ್ದು ಬರೋದು ಯಾವಾಗ ಕಲಿತೆ?"

ಕಾರ್ಯದರ್ಶಿ ನಡುವೆ ಬಾಯಿ ಹಾಕಿದ. "ಅಮ್ಮಾ, ಇದು ಸನ್ಮಾನ. ಅವರನ್ನ ಈಚೆ ಕರೀರಿ, ಹೂವು ಕೊಡಿ."

"ಸನ್ಮಾನ ಕೆಲಸ ಮುಗಿದ ಮೇಲೆ ಮಾಡಿ ಸ್ವಾಮಿ. ಅಷ್ಟರಲ್ಲಿ ಹೂವೇನು ಬಾಡ್ಹೋಗುತ್ತಾ? ನೀರಲ್ಲಿಡಿ." ಅವಳು ಹೂಗುಚ್ಛವನ್ನು ಅವನ ಎದೆಗೆ ಒತ್ತಿದಳು. "ಹಿಡ್ಕೊಳ್ಳಿ, ನನ್ನ ಭುಜ ನೋಯುತ್ತೆ." ಆಮೇಲೆ ಮಗನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಶಾಲೆಗೆ ಅಟ್ಟುತ್ತಿದ್ದ ಅದೇ ದನಿಯಲ್ಲಿ, "ಹೋಗು, ನಿನ್ನ ಜಾಗಕ್ಕೆ ಹೋಗು. ಅಲ್ಲಿ ಯಾರೂ ಇಲ್ಲ ನೋಡು," ಅಂದಳು.

ಚಿಲಕನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಯಾವ ಗೆರೆಯ ಮೇಲೆ ಅವನು ಕಾಲೆತ್ತಿ ಇಡುವುದರಲ್ಲಿದ್ದನೋ ಆ ಗೆರೆಯಿಂದ ಒಂದು ಹೆಜ್ಜೆ ಹಿಂದೆ ಬಂದ.

"ಅಣ್ಣಾ," ಅಂದ ಕೊಕ್ಕರೆ, ಏನು ಮಾಡುವುದೆಂದು ತಿಳಿಯದೆ. "ನಾನು ಬರ್ಲಾ ಬೇಡ್ವಾ?"

"ಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲಪ್ಪಾ. ನಿನಗಿಂತ ಕೆಟ್ಟದಾಗಿ ಆಡಿದ ದಿನ ಕೋಚ್ ನನ್ನನ್ನ ಕೂರಿಸ್ಲಿ, ನಾನೇ ನಿನಗೆ ಚೆಂಡು ಒದ್ದು ಮೈ ಬಿಸಿ ಮಾಡಿಸ್ತೀನಿ. ಆದ್ರೆ ನನ್ನನ್ನ ಆಟದಲ್ಲಿ ಸೋಲಿಸಿ ಬಾ, ಹೂವಲ್ಲಿ ಹೊಡೆಸಿ ಅಲ್ಲ. ಏಳು ವರ್ಷದ ಹಿಂದೆ ನೀನು ನಿಂತಿರೋ ಕಡೇನೇ ನಿಂತು ನಾನು ಒಂದು ತಪ್ಪು ಮಾಡಿದೀನಿ. ನೀನು ಮಾಡ್ಬೇಡ."

ರೆಫರಿ ಹತ್ತಿರ ಬಂದ. "ಹೋಗ್ತೀರಾ, ಇಲ್ವಾ?"

"ಇಲ್ಲ. ನಿಯಮ ಗೊತ್ತಲ್ಲ ನಿಮಗೆ?"

ರೆಫರಿಗೆ ಗೊತ್ತಿತ್ತು. ಅಷ್ಟರಲ್ಲಿ ಅಧ್ಯಕ್ಷರ ಮುಖ ಕೆಂಡವಾಗಿತ್ತು. "ಅದು ಹೇಗೆ ಹೋಗಲ್ಲ? ಕ್ಲಬ್ ನಂದು!" ಅಂದರು. ರೆಫರಿ ಅವರ ಕಡೆ ನೋಡಲೂ ಇಲ್ಲ, "ಮೈದಾನ ನಂದು," ಅಂದು ಸೀಟಿ ಊದಿಯೇ ಬಿಟ್ಟ. ಆಟ ಮುಂದುವರಿಯಿತು. ಚಿಲಕ ಮೂವತ್ತೇಳರ ಮಂಡಿಯಲ್ಲಿ ಹತ್ತೊಂಬತ್ತರವನ ಹಾಗೆ ಓಡಿ ತನ್ನ ಗೀರಿನ ಮೇಲೆ ನಿಂತ.

ಮುಂದಿನ ಎಪ್ಪತ್ತು ನಿಮಿಷ ಅವನು ದೇವರ ಹಾಗೆ ಆಡಿದ ಅಂತ ಹೇಳಿದರೆ ಸುಳ್ಳಾಗುತ್ತದೆ. ಐವತ್ತೆಂಟನೇ ನಿಮಿಷಕ್ಕೆ ದೂರದಿಂದ ಬಂದ ಒಂದು ಹೊಡೆತಕ್ಕೆ ಮಂಡಿ ತಡವಾಗಿ ಮಣಿಯಿತು, ಚೆಂಡು ಕಂಕುಳಡಿಯಿಂದ ಬಲೆಗೆ ಹೋಯಿತು. ಮುಂಚೆ ಚಪ್ಪಾಳೆ ತಟ್ಟಿದ ಗ್ಯಾಲರಿಯೇ "ಮುದುಕಾ, ಮನೆಗ್ಹೋಗೋ!" ಅಂತ ಕೂಗಿತು. ಕೂಗಲಿ. ಅದು ಅವನ ತಪ್ಪು, ಅವನದೇ ತಪ್ಪು. ಬೈಸಿಕೊಳ್ಳಲು ಅವನಿಗೆ ಹಕ್ಕಿತ್ತು, ಆ ಬೈಗುಳ ಆ ಚಪ್ಪಾಳೆಗಿಂತ ನೂರು ಪಾಲು ಪ್ರಾಮಾಣಿಕವಾಗಿತ್ತು. ಎಪ್ಪತ್ತಮೂರಕ್ಕೆ ಇವರ ಕಡೆಯವನೊಬ್ಬ ಸಮ ಮಾಡಿದ. ಎಂಬತ್ತೊಂಬತ್ತಕ್ಕೆ ಎದುರಿನವನು ಒಬ್ಬನೇ ನುಗ್ಗಿ ಬಂದಾಗ ಚಿಲಕ ಕೈ ಕಾಲು ಯಾವುದು ಎಲ್ಲಿದೆ ಅಂತ ನೋಡದೆ ಅಡ್ಡಬಿದ್ದ. ಚೆಂಡು ಅವನ ಮೊಣಕಾಲ ಗಂಟಿಗೆ ಬಡಿದು ಹೊರಗೆ ಹಾರಿತು. ನೋಡಲು ಚೆಂದವಿರಲಿಲ್ಲ, ಆದರೆ ಒಳಗೆ ಹೋಗಲಿಲ್ಲ. ಒಂದು ಒಂದು, ಪಂದ್ಯ ಸಮ.

ಕೊನೆಯ ಸೀಟಿಯಾದಾಗ ಅವನು ಕುಂಟುತ್ತ ಗೆರೆಯ ಹತ್ತಿರ ಬಂದು, ಈ ಸಲ ದಾಟಿದ. ಅಧ್ಯಕ್ಷರು ಯಾವಾಗಲೋ ಎದ್ದು ಹೋಗಿದ್ದರು. ಚೌಕಟ್ಟಿನ ಫೋಟೋ ಬೆಂಚಿಗೆ ಒರಗಿತ್ತು. ಕಾರ್ಯದರ್ಶಿ ಮಾತ್ರ ಎಪ್ಪತ್ತು ನಿಮಿಷದಿಂದ ಹೂಗುಚ್ಛ ಹಿಡಿದು, ಇಡಲು ಜಾಗವಿಲ್ಲದೆ, ಕೊಡಲು ಜನವಿಲ್ಲದೆ, ಟೀವಿಯ ಕಣ್ಣೆದುರು ನಿಂತೇ ಇದ್ದ. ಕೊಕ್ಕರೆ ಅಮ್ಮನಿಗೆ ನೀರಿನ ಬಾಟಲಿ ತಂದುಕೊಟ್ಟು ಪಕ್ಕದಲ್ಲಿ ಕೂತಿದ್ದ. ಗ್ಯಾಲರಿಯ ಕಡೆಯಿಂದ ಹೆಂಡತಿ ವ್ಯಾನಿನ ಬೀಗದ ಕೈ ತಿರುಗಿಸುತ್ತ ಬರುತ್ತಿದ್ದಳು.

"ಈಗಲಾದ್ರೂ..." ಅಂದ ಕಾರ್ಯದರ್ಶಿ ಹೂವು ಮುಂದೆ ಚಾಚಿ. ದನಿಯಲ್ಲಿ ಬೆಣ್ಣೆ ಪೂರ್ತಿ ಕರಗಿಹೋಗಿತ್ತು.

ಚಿಲಕ ಅದನ್ನು ಮುಟ್ಟಲಿಲ್ಲ. ಅಮ್ಮ ಕುರ್ಚಿಯಿಂದ ಮೆಲ್ಲಗೆ ಎದ್ದು ಮಗನ ಹತ್ತಿರ ಬಂದಳು.

"ಈಗ ಮುಗೀತಾ?"

ಚಿಲಕ ಕಾರ್ಯದರ್ಶಿಯ ಮುಖವನ್ನೇ ನೋಡುತ್ತ, ಅವನಿಗೂ ಟೀವಿಯವರಿಗೂ ಗೇಟಿನ ವಾಚ್‌ಮನ್‌ಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ಇವತ್ತಿಂದು ಮುಗೀತಮ್ಮ. ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಇದೆ."

"ಹಾಗಾದ್ರೆ ನಿಂತ್ಕೊಂಡು ಏನ್ ಮಾತು, ಬೇಗ ನಡಿ," ಅಂದಳು ಅಮ್ಮ, ಅವನ ಕೈಯಿಂದ ಕೆಸರಾದ ಗವಸು ಬಿಚ್ಚಿಕೊಳ್ಳುತ್ತ. "ಇದನ್ನ ಒಗೆದು ಒಣಗಿಸ್ಬೇಕು."